ದ್ರಾಕ್ಷಿಯೊಳಗಿನ ನಿಂಬೆಯ ಕಂಪು

ನಿಂಬೆಯ ಒಂದು ಹನಿಯೂ ಬೀಳದ ಪಾನೀಯದಲ್ಲಿ ನಿಂಬೆಯ ಪರಿಮಳವಿದೆ ಎಂದು ಯಾರಾದರೂ ಹೇಳಿದರೆ, ಕೇಳಿದವರು ನಗುವುದು ಸಹಜ. ಆದರೆ ಬಿಳಿಯ ವೈನನ್ನು ಪರೀಕ್ಷಿಸುವ ಪರಿಣತರು ನಿತ್ಯವೂ ಆಡುವ ಮಾತು ಇದೇ. ಒಂದರಲ್ಲಿ ನಿಂಬೆಯ ಸಿಪ್ಪೆ, ಇನ್ನೊಂದರಲ್ಲಿ ಕಿತ್ತಳೆ, ಮತ್ತೊಂದರಲ್ಲಿ ಗ್ರೇಪ್‌ಫ್ರೂಟ್ ಎಂದು ಅವರು ಗಂಭೀರವಾಗಿ ಬರೆದಿಡುತ್ತಾರೆ. ಪೀಪಾಯಿಗೆ ಸುರಿದುದಾದರೋ ದ್ರಾಕ್ಷಿಯ ರಸವೊಂದನ್ನೇ. ಹಾಗಾದರೆ ಇದು ನಿಜವೋ, ಬೆಲೆ ಏರಿಸುವ ಬಣ್ಣದ ಮಾತೋ? ವಿಜ್ಞಾನಿಗಳು ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ದು ನೋಡಿದ್ದಾರೆ. ಅವರಿಗೆ ದೊರೆತ ಉತ್ತರ ಎರಡೂ ಪಕ್ಷಗಳಿಗೆ ಪಾಠ ಹೇಳುವಂಥದು.

ನಾಲಗೆಗಿಂತ ಮೂಗು ಮೇಲು

ಪರೀಕ್ಷೆಯ ಕ್ರಮ ಸರಳವಾದುದು. ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಮೂರನೆಯ ಒಂದು ಪಾಲಿನಷ್ಟು ಮಾತ್ರ ವೈನ್ ಸುರಿದು, ಬಿಳಿಯ ಕಾಗದದೆದುರು ಓರೆಯಾಗಿ ಹಿಡಿದು ಬಣ್ಣವನ್ನು ನೋಡುವರು. ಮೆಲ್ಲನೆ ಸುತ್ತಿಸಿ ಮೂಸುವರು. ಬಳಿಕ ಒಂದು ಗುಟುಕನ್ನು ಬಾಯಿಗೆ ತೆಗೆದುಕೊಂಡು, ಜೊತೆಗೆ ಸ್ವಲ್ಪ ಗಾಳಿಯನ್ನೂ ಎಳೆದು, ನಾಲಗೆಯ ಮೇಲೆ ಹೊರಳಿಸಿ ಉಗುಳಿಬಿಡುವರು. ಒಂದೇ ದಿನ ಹತ್ತಾರು ಮಾದರಿಗಳನ್ನು ನೋಡಬೇಕಾದವನು ನುಂಗುತ್ತ ಹೋದರೆ ಅವನೂ ತೂರಾಡುವನು, ಅವನ ತೀರ್ಪೂ ತೂರಾಡುವುದು.

ಹುಳಿ, ಸಿಹಿ, ಕಹಿ ಮುಂತಾದ ಕೆಲವನ್ನಷ್ಟೇ ನಾಲಗೆ ಬಲ್ಲದು. ಇದು ನಿಂಬೆ, ಇದು ಕಿತ್ತಳೆ ಎಂದು ಬೇರ್ಪಡಿಸುವುದು ಮೂಗು. ಬಾಯೊಳಗಿನ ಪರಿಮಳ ಗಂಟಲ ಹಿಂಬದಿಯಿಂದ ಮೂಗನ್ನು ಸೇರುತ್ತದೆ. ನೆಗಡಿಯಾದಾಗ ಘಮಘಮಿಸುವ ಸಾರೂ ಸಪ್ಪೆಯೆನಿಸುವುದು ಇದರಿಂದಲೇ.

ಹುಳಿಯ ವಿಷಯದಲ್ಲಿ ಒಂದು ವಿನೋದವುಂಟು. ನಿಂಬೆಯ ಹುಳಿಗೆ ಕಾರಣ ಸಿಟ್ರಿಕ್ ಆಮ್ಲ. ವೈನಿನಲ್ಲಿ ಅದು ಅತ್ಯಲ್ಪ. ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್. ನಮ್ಮ ಅಡುಗೆಮನೆಯ ಹುಣಸೆಯ ಹುಳಿಯೂ ಅದೇ. ‘ನಿಂಬೆಯ ಹಾಗೆ ಹುಳಿ’ ಎಂದು ಮೆಚ್ಚುವವನ ನಾಲಗೆಗೆ ತಾಗುತ್ತಿರುವುದು ಬಹುಮಟ್ಟಿಗೆ ಹುಣಸೆಯ ಆಮ್ಲ! ಹುಳಿಯೊಡನೆ ಬೆರೆತ ಪರಿಮಳ ಮಾತ್ರ ಅವನಿಗೆ ನಿಂಬೆಯನ್ನು ನೆನಪಿಸುತ್ತದೆ.

ಯೀಸ್ಟು ಬಿಚ್ಚಿದ ಗಂಟು

ಆ ಪರಿಮಳ ಎಲ್ಲಿಂದ ಬಂತು? ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದಲ್ಲಿ ದೆನಿ ದ್ಯುಬೂರ್ದಿಯೋ, ತಕಾತೋಶಿ ತೊಮಿನಾಗ ಮೊದಲಾದವರು 1990ರ ದಶಕದಲ್ಲಿ ಇದರ ಜಾಡು ಹಿಡಿದರು. ಅವರು ಆರಿಸಿಕೊಂಡದ್ದು ಸೋವಿನ್ಯೋಂ ಬ್ಲಾಂ ಎಂಬ ಜಾತಿಯ ದ್ರಾಕ್ಷಿ. ಇದರ ವೈನಿನಲ್ಲಿ ಅವರಿಗೆ ಥಯಾಲ್ ಎಂಬ ಗಂಧಕಾಂಶವುಳ್ಳ ವಸ್ತುಗಳು ದೊರೆತವು. ಅವುಗಳಲ್ಲಿ ಒಂದು ಗ್ರೇಪ್‌ಫ್ರೂಟಿನಂತೆ ನಾರುವುದು. ಒಂದು ಗ್ರಾಮನ್ನು 100 ಕೋಟಿ ಪಾಲು ಮಾಡಿ, ಅದರಲ್ಲಿ ಸುಮಾರು 60 ಪಾಲನ್ನು ಒಂದು ಲೀಟರಿಗೆ ಬೆರೆಸಿದರೂ ಮೂಗು ಅದನ್ನು ಗುರುತಿಸಬಲ್ಲದು. ಗ್ರೇಪ್‌ಫ್ರೂಟಿನ ವಿಶಿಷ್ಟ ಕಂಪಿಗೂ ಇದೇ ಕುಲದ ವಸ್ತುವೊಂದು ಕಾರಣವೆಂಬುದು 1982ರಲ್ಲಿಯೇ ಬೆಳಕಿಗೆ ಬಂದಿತ್ತು.

ಇನ್ನೂ ಸೋಜಿಗದ ಸಂಗತಿಯೆಂದರೆ, ಈ ಥಯಾಲುಗಳ ಬಹುಪಾಲು ಹಣ್ಣಿನಲ್ಲಿ ಬೇರೆ ವಸ್ತುಗಳಿಗೆ ಅಂಟಿಕೊಂಡು, ವಾಸನೆಯಿಲ್ಲದೆ ಅಡಗಿರುತ್ತವೆ. ರಸ ಹುದುಗುವಾಗ ಯೀಸ್ಟು ಆ ಗಂಟನ್ನು ಬಿಚ್ಚುತ್ತದೆ. ಕಂಪು ಆಗ ಹೊರಬೀಳುತ್ತದೆ. ಹೀಗೆ ಪರಿಣತರ ಮಾತಿಗೆ ಗಟ್ಟಿಯಾದ ಆಧಾರವೊಂದು ದೊರೆತಂತಾಯಿತು.

ಮಾತಿನ ಚಕ್ರ

ವಾಸನೆಯಿದ್ದರೆ ಸಾಲದು, ಅದಕ್ಕೆ ಹೆಸರಿಡಬೇಕು. ಹೆಸರಿನ ಗೊಂದಲವನ್ನು ತಿಳಿಯಾಗಿಸಲು ಹೊರಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪ್ರಾಧ್ಯಾಪಕಿ ಆನ್ ನೋಬಲ್. ‘ಸೊಗಸಾದ’, ‘ಕುಲೀನ’ ಎಂಬಂಥ ಹೊಗಳಿಕೆಯ ಪದಗಳಿಂದ ಯಾರಿಗೂ ಏನೂ ತಿಳಿಯದೆಂದು ಕಂಡು, ಅವರೂ ಅವರ ಸಹೋದ್ಯೋಗಿಗಳೂ 1984ರಲ್ಲಿ ‘ಪರಿಮಳ ಚಕ್ರ’ವೊಂದನ್ನು ಪ್ರಕಟಿಸಿದರು. ಒಳಸುತ್ತಿನಲ್ಲಿ ‘ಹಣ್ಣು’, ಅದರ ಹೊರಗೆ ‘ನಿಂಬೆಯ ಜಾತಿ’, ಅದರಾಚೆ ನಿಂಬೆ, ಗ್ರೇಪ್‌ಫ್ರೂಟ್ ಎಂದು ಪದಗಳು ಹಂತಹಂತವಾಗಿ ಬಿಡಿಯಾಗುತ್ತವೆ. ಕಲಿಯುವವರಿಗೆ ಅಡುಗೆಮನೆಯೇ ಪಾಠಶಾಲೆ: ಸಾಧಾರಣ ವೈನಿನಲ್ಲಿ ನಿಂಬೆಯ ಸಿಪ್ಪೆಯ ಚೂರೊಂದನ್ನು ಹಾಕಿ, ಮೂಸಿ, ಆ ನೆನಪನ್ನು ಹೆಸರಿನೊಡನೆ ಬೆಸೆಯುವುದು.

ಆದರೆ ಹೆಸರಿಡುವ ಮನಸ್ಸು ಮೋಸಹೋಗುವುದೂ ಉಂಟು. ಬೋರ್ಡೊದಲ್ಲಿಯೇ ವೈನ್ ಶಾಸ್ತ್ರ ಕಲಿಯುತ್ತಿದ್ದ 54 ಮಂದಿಯ ಮುಂದೆ ಬಿಳಿಯ ವೈನನ್ನೂ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಅದೇ ವೈನನ್ನೂ ಇಡಲಾಯಿತು. ಬಣ್ಣ ಹಾಕಿದ ಲೋಟದ ವರ್ಣನೆಗೆ ಅವರು ಬಳಸಿದುದು ಕೆಂಪು ವೈನಿಗೆ ಸಲ್ಲುವ ಪದಗಳನ್ನು. 2001ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಮೂಗು ಮಾತನಾಡುವ ಮುನ್ನವೇ ಕಣ್ಣು ಉತ್ತರ ಹೇಳಿಬಿಡುತ್ತದೆ ಎಂಬುದು ಸ್ಪಷ್ಟವಾಯಿತು. ಕಣ್ಣೇ ಇಷ್ಟು ಮಾಡುವುದಾದರೆ, ಸೀಸೆಯ ಮೇಲಿನ ಬರಹವನ್ನು ಓದಿಕೊಂಡ ಮನಸ್ಸು ಇನ್ನೆಷ್ಟು ಮಾಡೀತು!

ಚಕ್ಕೋತದ ನೆರೆಯಲ್ಲಿ

ಸೋವಿನ್ಯೋಂ ಬ್ಲಾಂ ಇಂದು ನಂದಿ ಬೆಟ್ಟದ ಸುತ್ತಲ ತೋಟಗಳಲ್ಲಿಯೂ ಬೆಳೆಯುತ್ತದೆ. ಅಲ್ಲಿಗೆ ಸಮೀಪದಲ್ಲಿಯೇ ಇದೆ, ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿ. ಗ್ರೇಪ್‌ಫ್ರೂಟಿನ ಹೆಸರಿನಲ್ಲಿ ದ್ರಾಕ್ಷಿಯಿದ್ದರೂ ಅದಕ್ಕೂ ದ್ರಾಕ್ಷಿಗೂ ನಂಟಿಲ್ಲ. ಅದು 18ನೆಯ ಶತಮಾನದಲ್ಲಿ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಚಕ್ಕೋತ ಮತ್ತು ಕಿತ್ತಳೆಗಳ ಬೆರಕೆಯಿಂದ ಹುಟ್ಟಿದ ಹಣ್ಣು. ಎಂದರೆ ಚಕ್ಕೋತದ ಮಗು. ಆ ಹಣ್ಣನ್ನು ಕಂಡರಿಯದ ಕನ್ನಡಿಗನು ಇಂಥ ವೈನಿಗೆ ‘ಗ್ರೇಪ್‌ಫ್ರೂಟ್’ ಎಂದು ಬರೆದರೆ ಅದು ಪರರ ಮೂಗಿನ ಸಾಕ್ಷ್ಯ. ‘ಚಕ್ಕೋತದ ಸಿಪ್ಪೆ ಸುಲಿದಂತೆ’ ಎಂದರೆ ತನ್ನದೇ ಸಾಕ್ಷ್ಯ. ಕೇಳಿದವರಿಗೂ ಅದು ತಿಳಿಯುವುದು.

ಕನ್ನಡದಲ್ಲಿ ಈ ಕುಲದ ಹೆಸರುಗಳಿಗೆ ಬಡತನವಿಲ್ಲ. ನಿಂಬೆ, ಗಜನಿಂಬೆ, ಹೇರಳೆ, ಮಾದಲ, ಮೋಸಂಬಿ, ಕಿತ್ತಳೆ, ಚಕ್ಕೋತ, ಒಂದೊಂದಕ್ಕೂ ಬೇರೆ ಕಂಪು, ಬೇರೆ ಕಹಿ. ಹೇರಳೆಕಾಯಿಯ ಚಿತ್ರಾನ್ನವನ್ನು ಉಂಡವರು ಅದನ್ನು ನಿಂಬೆಯದೆಂದು ಎಂದೂ ಭ್ರಮಿಸರು. ಆದರೆ ಹಣ್ಣು ಮನೆಯಿಂದ ಮರೆಯಾದರೆ ಕಂಪು ಮರೆಯುವುದು. ಕಂಪು ಮರೆತರೆ ಹೆಸರು ಬರಿಯ ಸದ್ದಾಗಿ ಉಳಿಯುವುದು.

ವೈನಿನ ಗೊಡವೆಯೇ ಬೇಡವೆನ್ನುವ ಮನೆಗಳಲ್ಲಿಯೂ ಈ ವಿದ್ಯೆಯನ್ನು ಪರೀಕ್ಷಿಸಬಹುದು. ನಾಲ್ಕು ಬಗೆಯ ಸಿಪ್ಪೆಗಳನ್ನು ನಾಲ್ಕು ಬಟ್ಟಲುಗಳಲ್ಲಿಟ್ಟು, ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದನ್ನೂ ಮೂಸಿ ಹೆಸರು ಹೇಳುವಂತೆ ಕೇಳಿದರಾಯಿತು. ಅನಂತರ ಆ ಬಟ್ಟೆಯನ್ನು ಹಿರಿಯರೂ ಒಮ್ಮೆ ಕಟ್ಟಿಕೊಳ್ಳುವುದು ನ್ಯಾಯ.