ಸೋತ ಆಟದ ಹಾಳೆ

ಕಳೆದ ಬೇಸಿಗೆಯಲ್ಲಿ ಶಾಮನೂರಿನ ಬಂಧುಗಳ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಆ ಮನೆಯ ಹದಿನಾಲ್ಕರ ಬಾಲಕನು ದಾವಣಗೆರೆಯ ಸ್ಪರ್ಧೆಯೊಂದರಲ್ಲಿ ಸೋತು ಬಂದು ಚದುರಂಗದ ಮಣೆಯನ್ನು ಅಟ್ಟಕ್ಕೆ ಹಾಕಿದ್ದನು. "ಅಜ್ಜಾ, ನನಗೆ ಅಷ್ಟು ಬುದ್ಧಿ ಇಲ್ಲ, ಬಿಟ್ಟುಬಿಟ್ಟೆ" ಎಂದನು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ತಂದೆಗೂ ಅದೇ ಬೇಕಾಗಿತ್ತು.

ಆಟ ಬಿಡುವುದು ಅವನ ಇಚ್ಛೆ. ಆದರೆ ಬುದ್ಧಿಯಿಲ್ಲವೆಂಬ ತೀರ್ಪನ್ನು ಆ ವಯಸ್ಸಿಗೇ ತನ್ನ ಮೇಲೆ ಹೊರಿಸಿಕೊಳ್ಳುವುದು ನಮಗೆ ಸರಿಕಾಣಲಿಲ್ಲ. ಮಠದ ಪಾಠಶಾಲೆಯ ದಿನಗಳಲ್ಲಿ ನಮಗೂ ಈ ಆಟದ ಗೀಳು ತುಸು ಅಂಟಿತ್ತು. ನಡೆಗಳನ್ನು ಬರೆದಿಟ್ಟ ಹಾಳೆಗಳನ್ನು ತರಿಸಿ, ಸೋತ ಮೂರು ಆಟಗಳನ್ನೂ ಮತ್ತೆ ಆಡಿಸಿದೆವು. ಮೂರರಲ್ಲಿಯೂ ದೋಷ ಒಂದೇ: ಎದುರಾಳಿ ಈ ಕಾಯನ್ನು ಏಕೆ ನಡೆಸಿದನೆಂದು ಕೇಳಿಕೊಳ್ಳದೆ ತನ್ನ ದಾಳಿಯನ್ನೇ ಮುಂದುವರಿಸಿದ್ದನು. ನಾಲ್ಕನೆಯ ಆಟದಲ್ಲಿ ಎದುರಾಳಿಗೆ ಉಳಿದಿದ್ದುದು ಒಂಟಿ ರಾಜ, ಇವನಿಗೆ ರಾಜನೊಡನೆ ಆನೆ. ಆದರೂ ಕಟ್ಟಿಹಾಕಲು ತಿಳಿಯದೆ 50 ನಡೆಗಳು ಕಳೆದು ಆಟ ಡ್ರಾ ಆಗಿತ್ತು. ಆನೆಯನ್ನು ಕಳೆದುಕೊಳ್ಳದಿದ್ದರೆ ಹೆಚ್ಚೆಂದರೆ 16 ನಡೆಗಳಲ್ಲಿ ಮುಗಿಯುವ ಕೆಲಸವದು. ಒಂದು ಸಂಜೆಯಲ್ಲಿ ಕಲಿಯಬಹುದು. 1921ರಲ್ಲಿ ವಿಶ್ವವಿಜೇತನಾದ ಕ್ಯೂಬಾದ ಕಾಪಾಬ್ಲಾಂಕಾ ಅಂತ್ಯದಾಟವನ್ನೇ ಮೊದಲು ಕಲಿಯಬೇಕೆಂದದ್ದು ಇದಕ್ಕಾಗಿಯೇ. ನಮ್ಮ ಹುಡುಗರಾದರೋ ಮೊಬೈಲಿನಲ್ಲಿ ಗಂಟೆಗೆ ಹತ್ತು ಆಟ ಆಡಿ ಅವಸರವನ್ನಷ್ಟೇ ರೂಢಿಸಿಕೊಳ್ಳುತ್ತಾರೆ.

ನಮ್ಮ ಗುರುಗಳು ಸರಿಯಾಗಿ ಒಪ್ಪಿಸಿದ ಶ್ಲೋಕವನ್ನು ಮತ್ತೆ ಕೇಳುತ್ತಿರಲಿಲ್ಲ. ತಪ್ಪಿದುದನ್ನೇ ವಾರವೆಲ್ಲ ಕೇಳುತ್ತಿದ್ದರು. ಆಗ ಅದು ಶಿಕ್ಷೆಯೆಂದೇ ತೋರುತ್ತಿತ್ತು.

ಚದುರಂಗವು ವ್ಯಸನವೆಂದು ಹಿರಿಯರು ಕೆಲವರು ಮೂಗು ಮುರಿಯುವುದುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ 'ಮಾನಸೋಲ್ಲಾಸ'ದಲ್ಲಿ ಇದಕ್ಕೆ ಸ್ಥಾನ ಕೊಟ್ಟನು. ಮುಮ್ಮಡಿ ಕೃಷ್ಣರಾಜ ಒಡೆಯರು, ಕುದುರೆಯು ಯಾವ ಮನೆಯನ್ನೂ ಎರಡನೆಯ ಸಲ ಮೆಟ್ಟದೆ 64 ಮನೆಗಳನ್ನೂ ಸುತ್ತುವ ಬಂಧಗಳನ್ನು ರಚಿಸಿದರು. ಇಷ್ಟಿದ್ದರೂ, ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಬಳಿಕ ಕರ್ನಾಟಕಕ್ಕೆ ಆ ಪದವಿ ಬರಲು 29 ವರ್ಷ ಹಿಡಿಯಿತು, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಅದನ್ನು ಪಡೆದರು.

ಆ ಸಂಜೆ ಬಾಲಕನಿಂದ ಆನೆಯ ಆಟವನ್ನು ಹನ್ನೆರಡು ಸಲ ಆಡಿಸಿದೆವು. ಕೊನೆಯ ನಾಲ್ಕು ಸಲ ತಪ್ಪಲಿಲ್ಲ. ತಂದೆ ದಿನಕ್ಕೆ ಅರ್ಧ ಗಂಟೆ ಒಪ್ಪಿದರು. ಮೊನ್ನೆ ಹೋದಾಗ ಮಣೆ ಪಡಸಾಲೆಯಲ್ಲಿತ್ತು. ಹುಡುಗ ಹಿಂದಿನ ದಿನ ಸೋತಿದ್ದ ಆಟದ ಹಾಳೆಯನ್ನು ತಂದು ನಮ್ಮ ಮುಂದಿಟ್ಟನು.