ಪುಣೆಯಿಂದ ಪೋರ್ಚುಗೀಸ್ ಗೋವಾಕ್ಕೆ ರೈಲು: ತಪ್ಪು ಕಲ್ಪನೆ ಮತ್ತು ಸತ್ಯ

ಪುಣೆಯ ಮೇಲೆ ಹಾದುಬರುವ ಗೋವಾ ಎಕ್ಸ್‌ಪ್ರೆಸ್ ಮೀರಜ್, ಬೆಳಗಾವಿ, ಲೋಂಡಾ ದಾಟಿ ಕ್ಯಾಸಲ್ ರಾಕ್‌ನಿಂದ ಘಟ್ಟ ಇಳಿಯತೊಡಗುತ್ತದೆ. ದೂಧಸಾಗರ ಜಲಪಾತ ಕಂಡೊಡನೆ ಪ್ರಯಾಣಿಕರು ಕಿಟಕಿ ಬಾಗಿಲುಗಳಿಗೆ ಮುಗಿಬೀಳುತ್ತಾರೆ. ಇದೇ ದಾರಿಯಲ್ಲಿ 1961ರ ಡಿಸೆಂಬರ್‌ವರೆಗೆ ಎರಡು ಆಡಳಿತಗಳ ನಡುವಿನ ಅಂತರರಾಷ್ಟ್ರೀಯ ಗಡಿಯಿತ್ತು. ಆಚೆ ಪೋರ್ಚುಗೀಸ್ ಗೋವಾ, ಈಚೆ ಮೊದಲು ಬ್ರಿಟಿಷ್ ಭಾರತ, ಆಮೇಲೆ ಸ್ವತಂತ್ರ ಭಾರತ. ಗಡಿ ದಾಟುವ ರೈಲಿನ ಬಗ್ಗೆ ನಮ್ಮಲ್ಲಿ ಬೇರೂರಿರುವ ಹಲವು ನಂಬಿಕೆಗಳನ್ನು ಒರೆಗೆ ಹಚ್ಚಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ತಪ್ಪು ಕಲ್ಪನೆ 1: ಭಾರತದಲ್ಲಿ ಗಡಿ ದಾಟುವ ರೈಲು ಬಂದದ್ದು ದೇಶ ವಿಭಜನೆಯಾದ ಮೇಲೆ, ಅದೂ ಉತ್ತರದಲ್ಲಿ.

ಸತ್ಯ: ಅಮೃತಸರ ಮತ್ತು ಲಾಹೋರ್ ನಡುವೆ ಸಂಝೌತಾ ಎಕ್ಸ್‌ಪ್ರೆಸ್ ಶುರುವಾದದ್ದು 1976ರಲ್ಲಿ. ಕೋಲ್ಕತ್ತಾ ಮತ್ತು ಢಾಕಾ ನಡುವಿನ ಮೈತ್ರೀ ಎಕ್ಸ್‌ಪ್ರೆಸ್ 2008ರದು. ಗೋವಾದ ಗಡಿಯನ್ನು ರೈಲು ದಾಟಿದ್ದು ಇವಕ್ಕಿಂತ ಬಹಳ ಹಿಂದೆ. 1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದದಲ್ಲೇ ಮರ್ಮಗೋವಾ ಬಂದರಿನಿಂದ ಬ್ರಿಟಿಷ್ ಭಾರತದ ಗಡಿಗೆ ರೈಲು ಹಾಕುವ ಮಾತಿತ್ತು. ಸುಮಾರು 80 ಕಿಲೋಮೀಟರ್ ಉದ್ದದ ಆ ಮಾರ್ಗ 1888ರಲ್ಲಿ ಕ್ಯಾಸಲ್ ರಾಕ್‌ವರೆಗೆ ತಲುಪಿತು. ಲೋಂಡಾದಿಂದ ಬೆಳಗಾವಿ, ಮೀರಜ್ ಮೂಲಕ ಪುಣೆಗೆ ಹೋಗುವ ಹಳಿ 1890ರ ಆಸುಪಾಸಿನಲ್ಲಿ ಪೂರ್ಣಗೊಂಡಿತು.

ತಪ್ಪು ಕಲ್ಪನೆ 2: ಗೋವಾದ ರೈಲನ್ನು ಕಟ್ಟಿ ನಡೆಸಿದವರು ಪೋರ್ಚುಗೀಸರು.

ಸತ್ಯ: ಕಟ್ಟಿದ್ದು ಲಂಡನ್ ಮೂಲದ ಒಂದು ಕಂಪನಿ. ಹಾಕಿದ ಬಂಡವಾಳಕ್ಕೆ ಬಡ್ಡಿಯ ಖಾತ್ರಿ ಕೊಟ್ಟದ್ದು ಪೋರ್ಚುಗಲ್ ಸರ್ಕಾರ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಗಾಡಿ ಓಡಿಸುವ ಹೊಣೆ ಗಡಿಯ ಈಚೆಗಿನ ಸದರ್ನ್ ಮರಾಠಾ ರೈಲ್ವೆಯ ಕೈಗೆ ಬಂತು. 1908ರಲ್ಲಿ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ಸದರ್ನ್ ಮರಾಠಾದ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಆ ಕಟ್ಟಡದಲ್ಲಿ ಈಗ ಕರ್ನಾಟಕ ಕಾಲೇಜು ನಡೆಯುತ್ತಿದೆ. ಎರಡು ಸರ್ಕಾರಗಳ ನೆಲದಲ್ಲಿ ಓಡುವ ಗಾಡಿಗಳನ್ನು ಒಂದೇ ಆಡಳಿತ ನೋಡಿಕೊಂಡಿತು. ಹಳಿಯ ಒಡೆತನ ಒಬ್ಬರದು, ಗಾಡಿ ಓಡಿಸುವ ಕೆಲಸ ಇನ್ನೊಬ್ಬರದು ಎಂಬ ಈ ಪದ್ಧತಿ ಇಂದಿಗೂ ಅನೇಕ ದೇಶಗಳ ನಡುವೆ ನಡೆಯುತ್ತಿದೆ.

ತಪ್ಪು ಕಲ್ಪನೆ 3: ದೇಶ ಬದಲಾದರೆ ಗಾಡಿಯೂ ಬದಲಾಗಲೇಬೇಕು.

ಸತ್ಯ: ಗಾಡಿ ಬದಲಿಸುವಂತೆ ಮಾಡುವುದು ಗಡಿಯಲ್ಲ, ಹಳಿಯ ಅಗಲ. ಕ್ಯಾಸಲ್ ರಾಕ್‌ನ ಎರಡೂ ಕಡೆ ಮೀಟರ್ ಗೇಜ್ ಇದ್ದುದರಿಂದ ಡಬ್ಬಿಗಳು ಘಟ್ಟ ಇಳಿದು ನೇರವಾಗಿ ಗೋವಾದೊಳಗೆ ಹೋಗಬಹುದಿತ್ತು. ಮುಂಬೈಯಿಂದ ಹೊರಟವರು ಇಳಿದು ಗಂಟು ಮೂಟೆ ಹೊತ್ತು ಬೇರೆ ಗಾಡಿ ಹತ್ತಬೇಕಾಗಿದ್ದದ್ದು ಪುಣೆಯಲ್ಲಿ. ಮುಂಬೈ ಕಡೆಯ ಹಳಿ 1,676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್, ಪುಣೆಯಿಂದ ದಕ್ಷಿಣಕ್ಕೆ ಹೋಗುವುದು 1,000 ಮಿಲಿಮೀಟರ್‌ನ ಮೀಟರ್ ಗೇಜ್. ಹೀಗೆ ಒಂದೇ ಪ್ರಾಂತ್ಯದ ಒಂದೇ ಊರಿನೊಳಗೆ ಪ್ರಯಾಣ ತುಂಡಾಗುತ್ತಿತ್ತು, ಎರಡು ದೇಶಗಳ ನಡುವೆ ಹಳಿ ಅಖಂಡವಾಗಿತ್ತು. ಪುಣೆ ಮೀರಜ್ ನಡುವೆ ಬ್ರಾಡ್ ಗೇಜ್ ಬಂದದ್ದು 1970ರ ದಶಕದ ಆರಂಭದಲ್ಲಿ, ಗೋವಾ ಘಟ್ಟಕ್ಕೆ ಬಂದದ್ದು 1990ರ ದಶಕದಲ್ಲಿ.

ಗೇಜ್ ಬೇರೆಯಾದರೂ ದಾರಿ ಮುಚ್ಚುವುದಿಲ್ಲ. ಪೋಲೆಂಡ್ ಗಡಿಯ ಬಳಿ ಬೆಲಾರುಸ್‌ನ ಬ್ರೆಸ್ಟ್‌ನಲ್ಲಿ ಡಬ್ಬಿಯನ್ನು ಎತ್ತಿ ಕೆಳಗಿನ ಚಕ್ರಗಳ ಚೌಕಟ್ಟನ್ನೇ ಬದಲಿಸುವ ಏರ್ಪಾಡಿದೆ. ಸ್ಪೇನಿನ ಟಾಲ್ಗೋ ಗಾಡಿಗಳು ಚಲಿಸುತ್ತಲೇ ಚಕ್ರಗಳ ನಡುವಿನ ಅಂತರವನ್ನು ಹೊಂದಿಸಿಕೊಳ್ಳುತ್ತವೆ.

ತಪ್ಪು ಕಲ್ಪನೆ 4: ಗಡಿಯಿದ್ದಲ್ಲಿ ಸುಂಕದ ಕಟ್ಟೆ ಇರಲೇಬೇಕು, ಗಾಡಿಯನ್ನು ಗಡಿಯಲ್ಲೇ ತಡೆದು ತಪಾಸಣೆ ಮಾಡಲೇಬೇಕು.

ಸತ್ಯ: 1878ರ ಒಪ್ಪಂದ ಎರಡೂ ಪ್ರದೇಶಗಳನ್ನು ಒಂದೇ ಸುಂಕ ವ್ಯವಸ್ಥೆಯೊಳಗೆ ತಂದಿತ್ತು. 1892ರಲ್ಲಿ ಅದರ ಅವಧಿ ಮುಗಿದು ನವೀಕರಣವಾಗದೆ ಹೋದಾಗ ಸುಂಕದ ಗೋಡೆ ಮತ್ತೆ ಎದ್ದಿತು. ಈಚೆ ಕ್ಯಾಸಲ್ ರಾಕ್, ಆಚೆ ಕುಳೆಂ ತಪಾಸಣೆಯ ನಿಲ್ದಾಣಗಳಾದವು. ಹಳಿ ಹಾಗೇ ಇತ್ತು, ಬದಲಾದದ್ದು ಸರ್ಕಾರಗಳ ತೀರ್ಮಾನ. ಮೈತ್ರೀ ಎಕ್ಸ್‌ಪ್ರೆಸ್ ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸಿತು. ಮೊದಲು ಗಡಿಯ ಗೇದೆ ಮತ್ತು ದರ್ಶನಾದಲ್ಲಿ ಎಲ್ಲರೂ ಇಳಿದು ಕಾಗದಪತ್ರ ತೋರಿಸಬೇಕಿತ್ತು. 2017ರ ನವೆಂಬರ್‌ನಲ್ಲಿ ಆ ಕೆಲಸವನ್ನು ಕೋಲ್ಕತ್ತಾ ಮತ್ತು ಢಾಕಾ ನಿಲ್ದಾಣಗಳಿಗೆ ಸ್ಥಳಾಂತರಿಸಿದ ಮೇಲೆ ಪ್ರಯಾಣದ ಹೊತ್ತು ಗಣನೀಯವಾಗಿ ಇಳಿಯಿತು.

ತಪ್ಪು ಕಲ್ಪನೆ 5: 1947ರಲ್ಲಿ ಸ್ವಾತಂತ್ರ್ಯ ಬಂದೊಡನೆ ಗೋವಾಕ್ಕೆ ರೈಲು ನಿಂತಿತು.

ಸತ್ಯ: ಸ್ವಾತಂತ್ರ್ಯ ಬಂದ ಮೇಲೂ ಎಂಟು ವರ್ಷ ಗಾಡಿ ಓಡಿತು. ಅದು ನಿಂತ ಕಥೆಯಲ್ಲಿ ಪುಣೆಯ ಪಾತ್ರ ದೊಡ್ಡದು. 1954ರಲ್ಲಿ ಪುಣೆಯಲ್ಲಿ ಗೋವಾ ವಿಮೋಚನ ಸಹಾಯಕ ಸಮಿತಿ ಹುಟ್ಟಿತು. ಮರುವರ್ಷ ಮೇ ತಿಂಗಳಲ್ಲಿ ಸಮಾಜವಾದಿ ನಾಯಕ ನಾ. ಗ. ಗೋರೆ ಸತ್ಯಾಗ್ರಹಿಗಳ ತಂಡದೊಂದಿಗೆ ಗೋವಾ ಪ್ರವೇಶಿಸಿದರು. ನಮ್ಮ ನರಗುಂದದ ಜಗನ್ನಾಥರಾವ್ ಜೋಶಿ ಕೂಡ ಆ ವರ್ಷ ಸತ್ಯಾಗ್ರಹ ನಡೆಸಿ ಸೆರೆಮನೆ ಸೇರಿದರು. 1955ರ ಆಗಸ್ಟ್ 15ರಂದು ಗಡಿಯ ಹಲವೆಡೆ ಜನ ಒಳನುಗ್ಗಿದರು. ಕ್ಯಾಸಲ್ ರಾಕ್ ಕಡೆಯಿಂದ ಹೊರಟವರು ಹಿಡಿದದ್ದು ರೈಲು ಹಳಿಯ ದಾರಿಯನ್ನೇ. ಆ ದಿನ ಪೋರ್ಚುಗೀಸರ ಗುಂಡಿಗೆ ಹಲವರು ಬಲಿಯಾದರು. ಅದಾದ ಮೇಲೆ ಭಾರತ ರೈಲು ಸಂಪರ್ಕವನ್ನು ಕಡಿದುಹಾಕಿತು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಗಿ, ಬಳಿಕ ಈ ಮಾರ್ಗ ಭಾರತೀಯ ರೈಲ್ವೆಯೊಳಗೆ ಸೇರಿತು.

ಗಡಿ ದಾಟುವ ರೈಲು ಅಸಾಧ್ಯದ ಮಾತು ಎಂದು ಯಾರಾದರೂ ಹೇಳಿದರೆ ನಾಲ್ಕು ಪ್ರಶ್ನೆ ಕೇಳಬೇಕು: ಹಳಿಯ ಅಗಲ ಒಂದೇ ಇದೆಯೇ? ಗಾಡಿ ಓಡಿಸುವವರು ಯಾರು? ಗಳಿಕೆಯನ್ನು ಇಬ್ಬರೂ ಹಂಚಿಕೊಳ್ಳುವುದು ಹೇಗೆ? ತಪಾಸಣೆ ಎಲ್ಲಿ? ಘಟ್ಟದಲ್ಲಿ 37 ಅಡಿಗೆ ಒಂದು ಅಡಿಯಂತೆ ಏರುವ ಹಳಿ ಹಾಕಿದ ಎಂಜಿನಿಯರುಗಳು ತಮ್ಮ ಪಾಲಿನ ಕಷ್ಟವನ್ನು 1888ರಲ್ಲೇ ಗೆದ್ದಿದ್ದರು. 1892ರ ಸುಂಕವಾಗಲಿ, 1955ರ ತಡೆಯಾಗಲಿ ಎದ್ದದ್ದು ರಾಜಕೀಯದಿಂದ. 2019ರ ಆಗಸ್ಟ್‌ನಲ್ಲಿ ಸಂಝೌತಾ ನಿಂತದ್ದೂ ಹಳಿಯ ದೋಷದಿಂದಲ್ಲ. ಎರಡು ದೇಶಗಳ ನಡುವೆ ಗಾಡಿ ಓಡಬೇಕಾದರೆ ಎಂಜಿನ್ನಿಗಿಂತ ಮೊದಲು ಒಪ್ಪಂದ ಗಟ್ಟಿಯಾಗಿರಬೇಕು.