ಬಂಡೆಯ ಬಣ್ಣ ಯಾವುದು? ಹಳೆಯ ನೆಗೆಟಿವ್‌ಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡುವ ಬಗೆ

ಮಾಗಡಿ: ಸಾವನದುರ್ಗದ ಬಂಡೆಯ ಬಣ್ಣ ಯಾವುದು? ಪ್ರಶ್ನೆ ಸುಲಭವೆನಿಸಬಹುದು. ಆದರೆ ಎಂಬತ್ತು-ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಅಲ್ಲಿಗೆ ಪಿಕ್‌ನಿಕ್ ಹೋಗಿಬಂದ ಯಾವುದೇ ಕುಟುಂಬದ ಆಲ್ಬಮ್ ತೆರೆದರೆ ಉತ್ತರ ಗೊಂದಲಕ್ಕೀಡಾಗುತ್ತದೆ. ಒಂದು ಚಿತ್ರದಲ್ಲಿ ಬಂಡೆ ಬೂದು, ಪಕ್ಕದ ಚಿತ್ರದಲ್ಲಿ ಕಂದು, ಮತ್ತೊಂದರಲ್ಲಿ ಇಡೀ ಬೆಟ್ಟಕ್ಕೇ ಕುಂಕುಮ ಎರಚಿದಂತೆ ಕೆಂಪು.

ಬೆಟ್ಟ ಬದಲಾಗಿಲ್ಲ, ಬದಲಾಗಿರುವುದು ಕಾಗದ. ಅನೇಕ ಹಳೆಯ ಕಲರ್ ಪ್ರಿಂಟ್‌ಗಳಲ್ಲಿ ಸಯಾನ್, ಅಂದರೆ ಹಸಿರುನೀಲಿ ಬಣ್ಣವು ಆಲ್ಬಮ್‌ನ ಕತ್ತಲಲ್ಲಿದ್ದರೂ ಮೊದಲು ಕ್ಷೀಣಿಸುತ್ತದೆ, ಉಳಿಯುವುದು ಕೆಂಪು. ಜೊತೆಗೆ ಅಂದಿನ ಕಲರ್ ಲ್ಯಾಬ್‌ಗಳ ಯಂತ್ರಗಳೂ ಪ್ರತಿಯೊಂದು ಚಿತ್ರದ ಬಣ್ಣವನ್ನು ತಮ್ಮದೇ ಅಂದಾಜಿನಲ್ಲಿ ಹೊಂದಿಸುತ್ತಿದ್ದವು. ಹೀಗಾಗಿ ಪ್ರಿಂಟ್‌ಗಳಿಗಿಂತ, ಲಕೋಟೆಯಲ್ಲಿ ಮರೆತುಹೋಗಿರುವ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವುದೇ ಲೇಸು.

ಆದರೆ ನೆಗೆಟಿವ್ ಕೂಡ ಚಿರಾಯುವಲ್ಲ. ಪಕ್ಕದ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರವನ್ನು 2025ರಲ್ಲಿ ಪುನರುಜ್ಜೀವನಗೊಳಿಸಲಾಯಿತು. ಆಗ ಅದರ ಮೂಲ ನೆಗೆಟಿವ್ ತೀವ್ರವಾಗಿ ಹಾಳಾಗಿದ್ದರಿಂದ, ಅದರಿಂದ ಹಿಂದೆ ಮಾಡಿಟ್ಟಿದ್ದ ಪ್ರತಿಗಳನ್ನೇ ಅವಲಂಬಿಸಬೇಕಾಯಿತು. ಮನೆಯ ಫಿಲ್ಮ್‌ಗೆ ಅಂಥ ಇನ್ನೊಂದು ಪ್ರತಿ ಇರುವುದಿಲ್ಲ. ಲಕೋಟೆ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯತೊಡಗಿದೆ ಎಂದೇ ಅರ್ಥ. ಅಂಥದ್ದನ್ನು ಬೇರೆಯಾಗಿರಿಸಿ, ಮೊದಲು ಸ್ಕ್ಯಾನ್ ಮಾಡಬೇಕು.

ಕಿತ್ತಳೆ ಏಕೆ?

ನೆಗೆಟಿವ್ ಅನ್ನು ಬೆಳಕಿಗೆ ಹಿಡಿದರೆ ಕಾಣುವ ಕಿತ್ತಳೆ ಛಾಯೆ ವಯಸ್ಸಿನ ದೋಷವಲ್ಲ. ತಯಾರಕರು ಉದ್ದೇಶಪೂರ್ವಕವಾಗಿಯೇ ಇರಿಸಿರುವುದು. ಫಿಲ್ಮ್‌ನಲ್ಲಿ ಕೆಂಪು, ಹಸಿರು, ನೀಲಿ ಬೆಳಕಿಗೆ ಸ್ಪಂದಿಸುವ ಪದರಗಳಿದ್ದು, ಸಂಸ್ಕರಣೆಯಲ್ಲಿ ಅವುಗಳಲ್ಲಿ ಕ್ರಮವಾಗಿ ಸಯಾನ್, ಮಜೆಂಟಾ ಮತ್ತು ಹಳದಿ ಬಣ್ಣಗಳು ಮೂಡುತ್ತವೆ. ಸಯಾನ್ ಮತ್ತು ಮಜೆಂಟಾ ಅಷ್ಟು ಶುದ್ಧವಲ್ಲ. ತಾವು ತಡೆಯಬಾರದ ಬೆಳಕನ್ನೂ ಅಷ್ಟಿಷ್ಟು ತಡೆಯುತ್ತವೆ. ಈ ಕೊರತೆಯನ್ನು ಸರಿದೂಗಿಸುವುದೇ ಕಿತ್ತಳೆ ಛಾಯೆಯ ಕೆಲಸ.

ಇದರ ಪರಿಣಾಮವೊಂದಿದೆ. ಕಿತ್ತಳೆ ಛಾಯೆಯು ನೀಲಿ ಬೆಳಕನ್ನು ಹೆಚ್ಚು ತಡೆಯುವುದರಿಂದ ಸ್ಕ್ಯಾನರಿಗೆ ದೊರೆಯುವ ನೀಲಿ ಮಾಹಿತಿ ಅತ್ಯಂತ ದುರ್ಬಲ. ಅದನ್ನು ಹಿಗ್ಗಿಸಿದಾಗ ಚಿತ್ರದಲ್ಲಿ ಕಾಳುಕಾಳಾದ ಕಲೆಗಳು ಏಳುತ್ತವೆ. ಆದ್ದರಿಂದ 24 ಬಿಟ್ ಬದಲು 48 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿ ಟಿಫ್ ಕಡತವಾಗಿ ಉಳಿಸಬೇಕು. ಜೇಪೆಗ್ ಕೊನೆಯ ಹಂತಕ್ಕೆ ಸಾಕು.

ಫಿಲ್ಮ್ ಹಿಡಿಕೆಯುಳ್ಳ ಫ್ಲಾಟ್‌ಬೆಡ್ ಸ್ಕ್ಯಾನರ್ ಇದ್ದರೆ 2400 ಡಿಪಿಐನಲ್ಲಿ 35 ಎಂಎಂ ಚಿತ್ರವೊಂದು ಸುಮಾರು 77 ಲಕ್ಷ ಪಿಕ್ಸೆಲ್ ಕೊಡುತ್ತದೆ. ಆಲ್ಬಮ್ ಅಳತೆಯ ಮರುಮುದ್ರಣಕ್ಕೆ ಇದು ಧಾರಾಳ. ಸ್ಕ್ಯಾನರ್ ಇಲ್ಲದವರು ಮ್ಯಾಕ್ರೋ ಲೆನ್ಸ್ ಇರುವ ಡಿಜಿಟಲ್ ಕ್ಯಾಮೆರಾದಿಂದ ನೆಗೆಟಿವ್‌ನ ಫೋಟೊ ತೆಗೆಯಬಹುದು. ಕಡತ ರಾ ಮಾದರಿಯಲ್ಲಿರಬೇಕು, ಹಿಂದಿನ ಬೆಳಕು ಉತ್ತಮ ಗುಣಮಟ್ಟದ ಬಿಳಿ ಎಲ್‌ಇಡಿ ಆಗಿರಬೇಕು. ಮೊಬೈಲ್ ಪರದೆಯ ಮೇಲೆ ನೆಗೆಟಿವ್ ಇಟ್ಟು ಕ್ಲಿಕ್ಕಿಸುವವರೂ ಇದ್ದಾರೆ; ಪರದೆಯ ಚುಕ್ಕಿಗಳೇ ಚಿತ್ರದಲ್ಲಿ ಮೂಡಿ ನಿರಾಸೆಯಾಗುತ್ತದೆ. ದೂಳನ್ನು ಗಾಳಿಯ ಬ್ಲೋಯರ್‌ನಿಂದ ಮಾತ್ರ ಊದಿ ತೆಗೆಯಬೇಕು. ಅಂಗಿಯ ತುದಿಯಿಂದ ಒರೆಸಿದರೆ ಬೀಳುವ ಗೀರು ಶಾಶ್ವತ.

ಚಿತ್ರವಲ್ಲ, ಇಡೀ ರೋಲ್

ಬಹುತೇಕರು ಎಡವುವುದು ಬಣ್ಣದ ಹಂತದಲ್ಲಿ. ಸ್ಕ್ಯಾನರಿನ 'ಆಟೊ' ಗುಂಡಿ ಪ್ರತಿ ಚಿತ್ರದ ಒಟ್ಟು ಸರಾಸರಿಯನ್ನು ಬೂದು ಎಂದು ಭಾವಿಸಿ ಬಣ್ಣ ಹೊಂದಿಸುತ್ತದೆ. ಮದುವೆ ಮನೆಯ ಚಿತ್ರಕ್ಕೆ ಇದು ಹೇಗೋ ನಡೆದೀತು. ಸಾವನದುರ್ಗದಲ್ಲಿ ನಡೆಯದು. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ಬೆಟ್ಟದಲ್ಲಿ ಚಿತ್ರದ ಮುಕ್ಕಾಲು ಪಾಲು ಬಂಡೆಯೇ ಆವರಿಸಿಕೊಳ್ಳುತ್ತದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಹೆಸರು ಪಡೆದ, ಸುಮಾರು 250 ಕೋಟಿ ವರ್ಷ ಹಳೆಯ ಈ ಭಾಗದ ಗ್ರಾನೈಟ್ ಬರೀ ಬೂದಲ್ಲ. ಅದರಲ್ಲಿ ನಸುಗುಲಾಬಿಯೂ ಇದೆ. ಯಂತ್ರವು ಆ ಗುಲಾಬಿಯನ್ನು ದೋಷವೆಂದು ತಿಳಿದು ಅಳಿಸಿಹಾಕುತ್ತದೆ. ಬಂಡೆ ಸಿಮೆಂಟಿನಂತಾಗುತ್ತದೆ, ಅದರ ಮುಂದೆ ನಿಂತವರ ಮುಖವೂ ಹಸಿರಿಗೆ ತಿರುಗುತ್ತದೆ. ಕರಿಗುಡ್ಡ, ಬಿಳಿಗುಡ್ಡ ಎಂದು ಜನರೇ ಬಣ್ಣದಿಂದ ಗುರುತಿಸಿ ಹೆಸರಿಟ್ಟ ಎರಡು ಬೆಟ್ಟಗಳು ಯಂತ್ರದ ಲೆಕ್ಕದಲ್ಲಿ ಒಂದೇ!

ಪರಿಹಾರವೆಂದರೆ ಸ್ವಯಂಚಾಲಿತ ಹೊಂದಾಣಿಕೆಗಳನ್ನೆಲ್ಲ ನಿಲ್ಲಿಸಿ, ಇಡೀ ರೋಲ್ ಅನ್ನು ಒಂದೇ ಎಕ್ಸ್‌ಪೋಷರ್‌ನಲ್ಲಿ ಸ್ಕ್ಯಾನ್ ಮಾಡುವುದು. ಎರಡು ಚಿತ್ರಗಳ ನಡುವಿನ ಖಾಲಿ ಪಟ್ಟಿಯನ್ನೂ ಸ್ಕ್ಯಾನ್‌ನಲ್ಲಿ ಸೇರಿಸಿಕೊಳ್ಳಬೇಕು. ಬೆಳಕು ತಾಗದ ಆ ಜಾಗವೇ ಕಿತ್ತಳೆ ಛಾಯೆಯ ನಿಜವಾದ ಅಳತೆ. ಅದನ್ನು ತಂತ್ರಾಂಶಕ್ಕೆ ತೋರಿಸಿದರೆ ತಿರುವಿದ ಚಿತ್ರದಲ್ಲಿ ಅದು ಶುದ್ಧ ಕಪ್ಪಾಗುತ್ತದೆ. ಉಚಿತ ತಂತ್ರಾಂಶವಾದ ಡಾರ್ಕ್‌ಟೇಬಲ್‌ನಲ್ಲಿ 2020ರಿಂದ ಇರುವ 'ನೆಗಾಡಾಕ್ಟರ್' ವಿಭಾಗ ಈ ಕೆಲಸಕ್ಕೆಂದೇ ಇದೆ. ಆನಂತರ ಕೆಂಪು, ಹಸಿರು, ನೀಲಿ ಮೂರನ್ನೂ ಪ್ರತ್ಯೇಕವಾಗಿ ಹೊಂದಿಸಬೇಕು. ನೆರಳು ಹಸಿರಾಗಿ, ಬಿಸಿಲಿನ ಭಾಗ ಗುಲಾಬಿಯಾಗಿ ಕಂಡರೆ ಒಟ್ಟಾರೆ ಬಣ್ಣ ಬದಲಿಸಿ ಪ್ರಯೋಜನವಿಲ್ಲ. ಆಯಾ ಬಣ್ಣದ ಮಧ್ಯಮ ಛಾಯೆಯನ್ನೇ ತಿದ್ದಬೇಕು.

ಬಿಳುಪಿನ ಆಧಾರಕ್ಕೆ ಯಾವುದನ್ನು ಆರಿಸಿಕೊಳ್ಳಬೇಕು? ಬಂಡೆಯನ್ನಂತೂ ಅಲ್ಲ. ಬಿಳಿ ಪಂಚೆ, ಅಂಗಿಯೂ ಮೋಸ ಮಾಡುತ್ತವೆ. ಒಗೆದ ಬಟ್ಟೆಗೆ ನೀಲಿ ಹಾಕುವುದು ಮನೆಮನೆಯ ರೂಢಿಯಾಗಿತ್ತು. ಬೆಟ್ಟದ ಬುಡದಲ್ಲಿ ವಾಹನದ ಪಕ್ಕ ನಿಂತು ತೆಗೆಸಿಕೊಂಡ ಚಿತ್ರವಿದ್ದರೆ, ಬಿಸಿಲು ಬಿದ್ದ ಟಾರು ರಸ್ತೆ ಬಹುಮಟ್ಟಿಗೆ ನಂಬಿಕೆಗೆ ಅರ್ಹ. ಅಲ್ಲಿ ದೊರೆತ ಹೊಂದಾಣಿಕೆಯನ್ನೇ ಅದೇ ದಿನ ಬಿಸಿಲಿನಲ್ಲಿ ತೆಗೆದ ಉಳಿದ ಚಿತ್ರಗಳಿಗೂ ಅನ್ವಯಿಸಿದರೆ ಬಂಡೆಯ ಗುಲಾಬಿ ತಾನಾಗಿಯೇ ಮರಳುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ಬಂಡೆ ಅಲ್ಲೇ ಇದೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಮುಂಜಾನೆ ಮತ್ತು ಸಂಜೆಯ ಬಿಸಿಲಿನಲ್ಲಿ ಅದು ಬೇರೆಯಾಗಿ ಕಾಣುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ವೀರಭದ್ರಸ್ವಾಮಿ ಅಥವಾ ನರಸಿಂಹಸ್ವಾಮಿ ಗುಡಿಯೊಳಗೆ ದೀಪದ ಬೆಳಕಿನಲ್ಲಿ ತೆಗೆದ ಚಿತ್ರಗಳಿಗೆ ಈ ಲೆಕ್ಕ ಹೊಂದದು. ಹಗಲು ಬೆಳಕಿಗೆ ಸಿದ್ಧಪಡಿಸಿದ ಫಿಲ್ಮ್‌ನಲ್ಲಿ ದೀಪದ ಬೆಳಕು ಹಳದಿಗೆಂಪಾಗಿಯೇ ಬೀಳುತ್ತದೆ. ಅದನ್ನು ಪೂರ್ತಿ ತೊಳೆದುಹಾಕುವ ಬದಲು ಅರ್ಧದಷ್ಟು ಉಳಿಸಿಕೊಳ್ಳುವುದೇ ಸರಿ.

ಕೆಲಸ ಮುಗಿದ ಮೇಲೆ ನೆಗೆಟಿವ್‌ಗಳನ್ನು ಎಸೆಯಬಾರದು. ಹೊಸ ತೋಳುಚೀಲಗಳಲ್ಲಿಟ್ಟು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ತಂಪಾದ, ತೇವವಿಲ್ಲದ ಕಪಾಟಿನಲ್ಲಿರಿಸಬೇಕು. ಅಟ್ಟದ ಮೇಲಿನ ಟ್ರಂಕು ಅದಕ್ಕೆ ತಕ್ಕ ಜಾಗವಲ್ಲ.